ಕಾಕಾನ ಸ್ಪೆಕ್ಟ್ರಮ್ ರಿಪೇರಿ: ಮೈನಸ್ 5 ವೋಲ್ಟ್‌ನಿಂದ ಒತ್ತಕ್ಷರದವರೆಗೆ

ಇದು ವಯಸ್ಸಾಗಿ ಸತ್ತ ಕಂಪ್ಯೂಟರ್ ಅಲ್ಲ. ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಚುಚ್ಚಿ ಸಾಯಿಸಿದ್ದು.

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಕಾಕಾನ ಮನೆ. ಕಾಕಾ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. 1985ರಲ್ಲಿ ಅವರ ಗೆಳೆಯರೊಬ್ಬರು ಇಂಗ್ಲೆಂಡಿನಿಂದ ಬರುವಾಗ ಒಂದು ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಪ್ಲಸ್ ತಂದುಕೊಟ್ಟಿದ್ದರು. ಐದಾರು ವರ್ಷ ಕಾಕಾ ಅದರ ಮುಂದಿನಿಂದ ಎದ್ದದ್ದೇ ಕಡಿಮೆ ಅಂತೆ. ಆಮೇಲೆ ಅದು ತಗಡಿನ ಟ್ರಂಕು ಸೇರಿತು. ಹೋದ ದೀಪಾವಳಿಗೆ ಅಟ್ಟ ಬಳಿಯುವಾಗ ಹಳೆ ಧೋತರದಲ್ಲಿ ಸುತ್ತಿಟ್ಟದ್ದು ಸಿಕ್ಕಿತು. ಮನೆಯ ಹುಡುಗರಿಗೆ ಕುತೂಹಲ. ಮೂಲ ಅಡಾಪ್ಟರ್ ಸಿಗಲಿಲ್ಲ. ಪಿನ್ ಸರಿಯಾಗಿ ಕೂರುತ್ತದೆ ಎಂದು ಟಿವಿ ಹಿಂದಿದ್ದ ಸೆಟ್‌ಟಾಪ್ ಬಾಕ್ಸಿನದನ್ನೇ ಕಿತ್ತು ಹಚ್ಚಿದರು. ಏನೂ ಬರಲಿಲ್ಲ. ಇನ್ನೊಮ್ಮೆ ಹಚ್ಚಿದರು. ಆಮೇಲೆ ನನಗೆ ಫೋನ್ ಬಂತು.

"ತಮ್ಮಾ, ನಿನಗ ಈ ರಿಪೇರಿ ಹುಚ್ಚು ಐತೆಲ್ಲ, ಒಂದಿಷ್ಟು ನೋಡು. ಹೊಳ್ಳಿ ಚಾಲೂ ಆದ್ರ ಅದಕ್ಕ ಒಂದು ಕ್ಯಾಸೆಟ್ ಹಚ್ಚೋದೈತಿ."

ಯಾವ ಕ್ಯಾಸೆಟ್ ಎಂದು ಕೇಳಿದೆ. "ಮೊದಲ ಚಾಲೂ ಮಾಡು" ಅಂದರು. ಚಿಗರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹುಬ್ಬಳ್ಳಿಗೆ ತಂದೆ. ವಿದ್ಯಾನಗರದ ನನ್ನ ಕೋಣೆಯಲ್ಲಿ ಊಟದ ಟೇಬಲ್ಲಿಗಿಂತ ರಿಪೇರಿ ಟೇಬಲ್ಲೇ ದೊಡ್ಡದು.

ಸ್ಪೆಕ್ಟ್ರಮ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಟಿವಿಗೆ ಹಚ್ಚಿ ಬಳಸುವ ಮನೆ ಕಂಪ್ಯೂಟರ್, ಪ್ರೋಗ್ರಾಮ್ ಉಳಿಸುವುದು ಮಾಮೂಲಿ ಆಡಿಯೋ ಕ್ಯಾಸೆಟ್ಟಿನಲ್ಲಿ. ಮೊದಲ ಸ್ಪೆಕ್ಟ್ರಮ್ ಬಂದದ್ದು 1982ರ ಏಪ್ರಿಲ್‌ನಲ್ಲಿ, ರಬ್ಬರ್ ಕೀಲಿಗಳದ್ದು. ಗಟ್ಟಿ ಪ್ಲಾಸ್ಟಿಕ್ ಕೀಲಿಗಳ 'ಪ್ಲಸ್' ಬಂದದ್ದು 1984ರಲ್ಲಿ. ಒಳಗೆ ಮಾತ್ರ ಅದೇ ಹಳೆಯ 48ಕೆ ಬೋರ್ಡು. ಝಡ್80ಎ ಪ್ರೊಸೆಸರ್, 3.5 ಮೆಗಾಹರ್ಟ್ಸ್, 16 ಕಿಲೋಬೈಟ್ ರೋಮ್, ಅಂದರೆ ಅಳಿಸಲಾಗದ ಮೆಮೊರಿ. ಅದರ ಮೇಲೆ ಬರೆದು ಅಳಿಸಬಹುದಾದ 48 ಕಿಲೋಬೈಟ್ ರ‍್ಯಾಮ್. ನಮ್ಮ ದೇಶದಲ್ಲಿ ಪುಣೆಯ ಡೆಸಿಬೆಲ್ಸ್ ಕಂಪನಿ ಇದನ್ನೇ 'ಡಿಬಿ ಸ್ಪೆಕ್ಟ್ರಮ್ ಪ್ಲಸ್' ಎಂದು ಮಾರುತ್ತಿತ್ತು. ನಮ್ಮ ಕಡೆ ಯಾರ ಮನೆಯಲ್ಲಾದರೂ ಸಿಕ್ಕರೆ ಅದೇ ಸಿಗುವ ಸಾಧ್ಯತೆ ಜಾಸ್ತಿ.

ಈಗ ಅಡಾಪ್ಟರ್ ಕಥೆ. ಇವತ್ತಿನ ಬಹುತೇಕ ಅಡಾಪ್ಟರ್‌ಗಳಲ್ಲಿ ಪಿನ್ನಿನ ಒಳಗಿನ ತೂತು ಪ್ಲಸ್, ಹೊರಗಿನ ಬಳೆ ಮೈನಸ್. ಸ್ಪೆಕ್ಟ್ರಮ್‌ಗೆ ಪೂರ್ತಿ ಉಲ್ಟಾ. ಒಳಗೆ ಮೈನಸ್, ಹೊರಗೆ ಪ್ಲಸ್. ಬೇಕಿರುವುದು 9 ವೋಲ್ಟ್. ಹುಡುಗರು ಹಚ್ಚಿದ್ದು 12 ವೋಲ್ಟ್, ಅದೂ ತಿರುವುಮುರುವು. ಹಳೆ ಯಂತ್ರಕ್ಕೆ ಯಾವ ಅಡಾಪ್ಟರ್ ಹಚ್ಚುವ ಮೊದಲೂ ಮಲ್ಟಿಮೀಟರ್ ಹಿಡಿಯಬೇಕು ಎಂದು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹುಡುಗರ ಮೇಲೆ ಸಿಟ್ಟಿಲ್ಲ. ಪಿನ್ ಕೂತರೆ ಕರೆಂಟ್ ಹರಿಯಬೇಕು ಎಂದು ನಂಬಿ ಬೆಳೆದ ತಲೆಮಾರು ಅದು.

ಮೊದಲ ಭಾನುವಾರ

ಮೊದಲ ನಿಯಮ: ಆನ್ ಮಾಡಬಾರದು. ಕೈ ಎಷ್ಟೇ ತುರಿಸಿದರೂ ಆನ್ ಮಾಡಬಾರದು.

ಕೆಳಗಿನ ಸ್ಕ್ರೂ ಬಿಚ್ಚಿದೆ. ಮೇಲಿನ ಹೊದಿಕೆಯನ್ನು ಒಮ್ಮೆಗೇ ಎಳೆಯಬಾರದು. ಕೀಬೋರ್ಡಿನಿಂದ ಎರಡು ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಗಳು ಬೋರ್ಡಿಗೆ ಇಳಿದಿರುತ್ತವೆ, ಒಂದರಲ್ಲಿ ಐದು ಗೆರೆ, ಇನ್ನೊಂದರಲ್ಲಿ ಎಂಟು. ನಿಧಾನವಾಗಿ ಎತ್ತಿ ನೇರವಾಗಿ ಮೇಲಕ್ಕೆ ಎಳೆದೆ. ಆದರೂ ಒಂದು ಪಟ್ಟಿ ಹಪ್ಪಳದ ಹಾಗೆ ಚಟ್ ಎಂದಿತು. ನಲವತ್ತು ವರ್ಷದ ಪ್ಲಾಸ್ಟಿಕ್. ಅದರ ಹಣೆಬರಹ ಅಷ್ಟೇ ಇತ್ತು ಅಂದುಕೊಂಡು ಮುಂದೆ ಹೋದೆ.

ಒಳಗೆ ಧೂಳು ಅಷ್ಟೇನಿರಲಿಲ್ಲ. ಧೋತರ ಕಾಪಾಡಿತ್ತು. ಆದರೆ ಧಾರವಾಡದ ಮಳೆಗಾಲದ ಹಸಿ ಟ್ರಂಕಿನೊಳಗೂ ಇಳಿದಿತ್ತು. ಹಿಂದಿನ ಎಡ್ಜ್ ಕನೆಕ್ಟರ್ ಕಪ್ಪಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಅರಳೆಯಿಂದ ಒರೆಸಿದೆ. ಕೇಸು ಹೇಗೂ ಕಪ್ಪು, ಹಳದಿಯಾಗುವ ಚಿಂತೆ ಇಲ್ಲ. ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದೆ. ಸ್ವಚ್ಛತೆ ಬಗ್ಗೆ ಇಷ್ಟೇ.

ಈಗ ಅಸಲಿ ವಿಷಯ. ಸ್ಪೆಕ್ಟ್ರಮ್‌ನ ರ‍್ಯಾಮ್ ಎರಡು ಭಾಗ. ಕೆಳಗಿನ 16ಕೆ, ಮೇಲಿನ 32ಕೆ. ಕೆಳಗಿನ ಭಾಗದಲ್ಲಿ 4116 ಎಂಬ ಎಂಟು ಚಿಪ್‌ಗಳು, ಬೋರ್ಡಿನ ಮೇಲೆ ಅವುಗಳ ಹೆಸರು ಐಸಿ6ರಿಂದ ಐಸಿ13ರವರೆಗೆ. ಈ 4116 ಬಹಳ ನಖರೆಯ ಚಿಪ್ಪು. ಇದಕ್ಕೆ ಒಂದಲ್ಲ, ಮೂರು ವೋಲ್ಟೇಜ್ ಬೇಕು: ಪ್ಲಸ್ 5, ಪ್ಲಸ್ 12, ಮೈನಸ್ 5. ಹೊರಗಿನಿಂದ ಬರುವುದು ಬರೀ 9 ವೋಲ್ಟ್. ಅದರಲ್ಲಿ 5 ವೋಲ್ಟನ್ನು 7805 ರೆಗ್ಯುಲೇಟರ್ ಕೊಡುತ್ತದೆ, ದೊಡ್ಡ ತಗಡಿಗೆ ಬೆನ್ನು ಹಚ್ಚಿ ಕೂತದ್ದು ಅದೇ. ಉಳಿದ ಎರಡನ್ನು ಬೋರ್ಡಿನ ಮೇಲೇ ಹುಟ್ಟಿಸುತ್ತಾರೆ. ಒಂದು ಪುಟ್ಟ ಕಾಯಿಲ್, ಅದನ್ನು ಕ್ಷಣಕ್ಕೆ ಸಾವಿರಾರು ಸಲ ಆನ್ ಆಫ್ ಮಾಡುವ ಟಿಆರ್4 ಎಂಬ ಟ್ರಾನ್ಸಿಸ್ಟರ್, ಅದಕ್ಕೆ ಕಡಿವಾಣ ಹಾಕುವ ಟಿಆರ್5. ಕಾಯಿಲ್‌ನಲ್ಲಿ ಏಳುವ ಅಲೆಯಿಂದ 12 ವೋಲ್ಟ್ ಬರುತ್ತದೆ, ಅದೇ ಅಲೆಯನ್ನು ಉಲ್ಟಾ ಹಿಡಿದು ಮೈನಸ್ 5 ಮಾಡುತ್ತಾರೆ.

ಕಳ್ಳ ಅಡಗಿರುವುದು ಇಲ್ಲೇ. 4116ಗೆ ಮೈನಸ್ 5 ಇಲ್ಲದೆ ಉಳಿದ ವೋಲ್ಟೇಜ್ ಮಾತ್ರ ಕೊಟ್ಟರೆ ಚಿಪ್ ಬಿಸಿಯಾಗಿ ಸಾಯುತ್ತದೆ. ಅಂದರೆ ಟಿಆರ್4 ಹೋಯಿತು ಅಂದರೆ ತಾನೊಂದೇ ಹೋಗುವುದಿಲ್ಲ, ರ‍್ಯಾಮನ್ನೂ ಕರೆದುಕೊಂಡು ಹೋಗುತ್ತದೆ. ಅದಕ್ಕೇ ಆನ್ ಮಾಡಿ ನೋಡೋಣ ಎನ್ನುವ ಚಪಲ ಇಲ್ಲಿ ದುಬಾರಿ. ಒಂದೊಂದು ಸಲ ಆನ್ ಮಾಡಿದಾಗಲೂ ಇನ್ನೊಂದು ಚಿಪ್ಪಿಗೆ ಪಿಂಡ ಇಟ್ಟಂತೆ.

ಕರೆಂಟ್ ಇಲ್ಲದೆಯೇ ಮಲ್ಟಿಮೀಟರನ್ನು ಡಯೋಡ್ ಮೋಡಿಗೆ ಹಾಕಿ ಟಿಆರ್4 ಮೇಲೆ ಇಟ್ಟೆ. ಕಲೆಕ್ಟರ್‌ಗೂ ಎಮಿಟರ್‌ಗೂ ನಡುವೆ ಬೀಪ್. ನೇರ ಶಾರ್ಟ್. ಕಾಯಿಲ್ ನೋಡಿದೆ. ಬಣ್ಣ ಕಂದಿತ್ತು, ಸುಟ್ಟಿರಲಿಲ್ಲ. ತಂತಿ ತುಂಡಾಗಿರಲಿಲ್ಲ. ಪುಣ್ಯ, ಯಾಕೆಂದರೆ ಕಾಯಿಲ್ ಹೋದರೆ ಕೂತು ಸುತ್ತಬೇಕಾಗುತ್ತದೆ.

ಬಿಡಿಭಾಗ ಹುಡುಕಾಟ

ಟಿಆರ್4ರ ಜಾಗದಲ್ಲಿ ಇರುವುದು ಝಡ್‌ಟಿಎಕ್ಸ್650. ಟಿಆರ್5 ಝಡ್‌ಟಿಎಕ್ಸ್213. ಕೊಪ್ಪಿಕರ್ ರಸ್ತೆ ಕಡೆ ಎರಡು ಅಂಗಡಿಯಲ್ಲಿ ಕೇಳಿದೆ. "ಆ ನಂಬರ ಬರೂದಿಲ್ರಿ, ಬಿಸಿ547 ಕೊಡ್ಲೇನು?" ಎಂದರು. ಆಗುವುದಿಲ್ಲ. ಬಿಸಿ547 ಇಷ್ಟು ಕರೆಂಟ್ ತಾಳುವುದಿಲ್ಲ. ಆನ್‌ಲೈನ್‌ನಲ್ಲಿ ಝಡ್‌ಟಿಎಕ್ಸ್651 ಸಿಕ್ಕಿತು. ಅದು 650ರ ಅಣ್ಣ ಇದ್ದ ಹಾಗೆ, ಇಲ್ಲಿ ಸಲೀಸಾಗಿ ನಡೆಯುತ್ತದೆ. ಒಂದು ಹೋದರೆ ಎರಡನ್ನೂ ಬದಲಿಸುವುದು ನನ್ನ ರೂಢಿ, 213 ಕೂಡ ತರಿಸಿದೆ.

ಜೊತೆಗೆ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳನ್ನೆಲ್ಲ ಬದಲಿಸುವುದು. ಇದು ವಾದದ ವಿಷಯ. ಸರಿ ಇರುವುದನ್ನು ಯಾಕೆ ಮುಟ್ಟಬೇಕು ಎನ್ನುವವರಿದ್ದಾರೆ. ಬೇರೆ ಯಂತ್ರವಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಇಲ್ಲಿ ಒಂದು ಕೆಪಾಸಿಟರ್ ಒಣಗಿ ಮೈನಸ್ 5 ಅಲ್ಲಾಡಿದರೆ ಹೋಗುವುದು ಹತ್ತು ರೂಪಾಯಿಯ ಮಾಲಲ್ಲ, ರ‍್ಯಾಮು. ಬದಲಿಸಿಬಿಡಿ. ಇಲ್ಲಿ ಒಂದು ತೊಡಕು ಬಂತು. ಸ್ಪೆಕ್ಟ್ರಮ್‌ನಲ್ಲಿ ಇರುವುದು ಎರಡೂ ತುದಿಗೆ ಒಂದೊಂದು ಕಾಲಿನ ಮಲಗುವ ಜಾತಿ. ಅಂಗಡಿಯಲ್ಲಿ ಸಿಗುವುದು ಎರಡೂ ಕಾಲು ಒಂದೇ ಕಡೆ ಇರುವ ನಿಲ್ಲುವ ಜಾತಿ. ಅದನ್ನೇ ಮಲಗಿಸಿ, ಉದ್ದದ ಕಾಲಿಗೆ ಸ್ಲೀವ್ ಹಾಕಿ ಆ ತುದಿಗೆ ಮುಟ್ಟಿಸಿದೆ. ನೋಡಲು ಚೆಂದ ಇಲ್ಲ. ಮುಚ್ಚಳ ಹಾಕಿದ ಮೇಲೆ ಯಾರು ನೋಡುತ್ತಾರೆ?

4116 ಚಿಪ್‌ಗಳನ್ನು ಹತ್ತು ತರಿಸಿದೆ. ಹಳೆ ಬೋರ್ಡಿನಿಂದ ಕಿತ್ತು, ಕಾಲು ನೇರ ಮಾಡಿ, ಹೊಸದು ಎಂದು ಮಾರಿದ ಮಾಲು ಎನ್ನುವುದು ಕಾಲು ನೋಡಿದರೇ ಗೊತ್ತಾಗುತ್ತಿತ್ತು. ಹತ್ತರಲ್ಲಿ ಮೂರು ಸತ್ತವೇ. ಈ ವ್ಯವಹಾರದಲ್ಲಿ ಇದು ಮಾಮೂಲು. ಬೇಕಾದ್ದಕ್ಕಿಂತ ನಾಲ್ಕು ಜಾಸ್ತಿ ತರಿಸಬೇಕು, ಅಷ್ಟೇ.

ಎರಡನೇ ಭಾನುವಾರ

ಟ್ರಾನ್ಸಿಸ್ಟರ್, ಕೆಪಾಸಿಟರ್ ಬೆಸುಗೆ ಮುಗಿಯಿತು. ಅಡಾಪ್ಟರ್‌ಗೆ 9 ವೋಲ್ಟ್ 2 ಆಂಪಿಯರ್‌ನದು ತೆಗೆದುಕೊಂಡು, ಪಿನ್ ಕತ್ತರಿಸಿ ವೈರ್ ಅದಲು ಬದಲು ಮಾಡಿ ಮತ್ತೆ ಬೆಸೆದೆ. ಅದರ ಮೇಲೆ ಕೆಂಪು ಬಣ್ಣದಲ್ಲಿ ಬರೆದೆ: "ಒಳಗೆ ಮೈನಸ್. ಟಿವಿಗೆ ಹಚ್ಚಬೇಡಿ. ಟಿವಿಯದ್ದು ಇದಕ್ಕೆ ಹಚ್ಚಬೇಡಿ."

ಈಗ ಐದು ಸೆಕೆಂಡು ಮಾತ್ರ ಆನ್. ಅಳೆಯುವುದು ಎಲ್ಲಿ ಎಂದರೆ ಯಾವುದಾದರೂ ಒಂದು 4116ರ ಮೇಲೆ. ನೆನಪಿಡಲು ಬಹಳ ಸುಲಭ, ಅದರ ನಾಲ್ಕು ಮೂಲೆಯ ಕಾಲುಗಳೇ ನಾಲ್ಕು ವಿದ್ಯುತ್ ಕಾಲು. 1ನೇ ಕಾಲು ಮೈನಸ್ 5, 8ನೇ ಕಾಲು ಪ್ಲಸ್ 12, 9ನೇ ಕಾಲು ಪ್ಲಸ್ 5, 16ನೇ ಕಾಲು ಗ್ರೌಂಡ್. ಕಪ್ಪು ಪ್ರೋಬನ್ನು ಮೊದಲೇ ಗ್ರೌಂಡಿಗೆ ಕ್ಲಿಪ್ ಮಾಡಿ, ಒಂದೇ ಕೈಯಲ್ಲಿ ಅಳೆದೆ. ಮೈನಸ್ 5 ಮೊದಲು. ಬಂತು. 12 ಬಂತು. 5 ಕೂಡ ಸರಿ ಇತ್ತು. 7805 ಆ ಹೊಡೆತ ತಿಂದೂ ಬದುಕಿದ್ದು ನನಗೆ ಇನ್ನೂ ಆಶ್ಚರ್ಯ.

ಚಿತ್ರ ನೋಡಲು ಟಿವಿ ಬೇಕು. ಸ್ಪೆಕ್ಟ್ರಮ್ ಟಿವಿಗೆ ಚಿತ್ರ ಕಳಿಸುವುದು ಆಂಟೆನಾ ವೈರಿನಲ್ಲಿ, ಯುಎಚ್‌ಎಫ್ 36ನೇ ಚಾನಲ್ಲಿನಲ್ಲಿ. ಹೊಸ ಟಿವಿಯಲ್ಲಿ ಅದನ್ನು ಹುಡುಕುತ್ತ ಕೂರುವುದಕ್ಕಿಂತ ಚಿತ್ರವನ್ನು ಆ ಚಾನಲ್ಲಿಗೆ ಏರಿಸುವ ತಗಡಿನ ಮಾಡ್ಯುಲೇಟರ್ ಡಬ್ಬಿ ತೆರೆದು, ಒಳಗಿನ ಸಂಪರ್ಕ ಬಿಡಿಸಿ, ಬೋರ್ಡಿನಿಂದ ಬರುವ ವಿಡಿಯೋ ವೈರನ್ನೇ ಹೊರಗಿನ ಸಾಕೆಟ್ಟಿಗೆ ಕೊಟ್ಟರೆ ಆಯಿತು. ಟಿವಿಯ ಹಳದಿ ಎವಿ ತೂತಿಗೆ ಚುಚ್ಚಿದರೆ ಸ್ವಚ್ಛ ಚಿತ್ರ. ಇಂಗ್ಲೆಂಡಿನ ಬಣ್ಣದ ಟಿವಿ ಪದ್ಧತಿಯೂ ಪಾಲ್, ನಮ್ಮದೂ ಪಾಲ್. ಬಣ್ಣಕ್ಕೆ ತಕರಾರಿಲ್ಲ. ಸದ್ದಿನ ಲೆಕ್ಕ ಎರಡು ದೇಶಕ್ಕೆ ಬೇರೆ, ಆದರೆ ಸ್ಪೆಕ್ಟ್ರಮ್‌ನ ಬೀಪ್ ಬರುವುದು ಅದರ ಹೊಟ್ಟೆಯೊಳಗಿನ ಪುಟ್ಟ ಸ್ಪೀಕರಿನಿಂದ. ಟಿವಿಗೆ ಸಂಬಂಧವೇ ಇಲ್ಲ. ಕಿತ್ತದ್ದನ್ನು ಮತ್ತೆ ಮೊದಲಿನಂತೆ ಮಾಡಲು ಆಗುವ ಹಾಗೇ ಮಾಡಿದ್ದೇನೆ. ಒಂದು ತೂತೂ ಕೊರೆದಿಲ್ಲ.

ಆನ್ ಮಾಡಿದೆ. ಪರದೆ ತುಂಬ ಉದ್ದುದ್ದ ಗೆರೆ, ಇಳಕಲ್ ಸೀರೆಯ ದಡಿಯ ಹಾಗೆ.

ಬೇಜಾರಾಗಲಿಲ್ಲ. ನಿಜ ಹೇಳಬೇಕೆಂದರೆ ಖುಷಿ ಆಯಿತು. ಪರದೆಯ ಮೇಲೆ ಕಾಣುವುದೆಲ್ಲ ಕೆಳಗಿನ ರ‍್ಯಾಮಿನಲ್ಲೇ ಇರುವುದು, ಮೆಮೊರಿಯ 16384ನೇ ಮನೆಯಿಂದ ಶುರು. ಒಂದು ಬೈಟ್ ಅಂದರೆ ಅಡ್ಡಕ್ಕೆ ಎಂಟು ಚುಕ್ಕಿ. ಎಂಟು ಚಿಪ್ಪಿನಲ್ಲಿ ಒಂದೊಂದು ಚಿಪ್ಪು ಒಂದೊಂದು ಬಿಟ್ ಹಿಡಿದಿರುತ್ತದೆ. ಒಂದು ಚಿಪ್ಪು ಸತ್ತರೆ ಪ್ರತಿ ಎಂಟನೇ ಚುಕ್ಕಿಯಲ್ಲಿ ಒಂದು ಗೆರೆ. ಯಂತ್ರ ತನ್ನ ರೋಗವನ್ನು ತಾನೇ ಪರದೆಯ ಮೇಲೆ ಬರೆದು ತೋರಿಸುತ್ತದೆ. ಈಗಿನ ಫೋನು ಸತ್ತರೆ ಇಷ್ಟು ಪ್ರಾಮಾಣಿಕವಾಗಿ ಸಾಯುವುದಿಲ್ಲ.

ಬೆರಳಿನ ಪರೀಕ್ಷೆಯೂ ಮಾಡಿದೆ. ಅರ್ಧ ನಿಮಿಷ ಬಿಟ್ಟು ಎಂಟೂ ಚಿಪ್ಪಿನ ಬೆನ್ನು ಮುಟ್ಟಿದೆ. ಐಸಿ9 ಕಾದ ಹಂಚು. ಐಸಿ11 ಅಷ್ಟಲ್ಲದಿದ್ದರೂ ಉಳಿದವಕ್ಕಿಂತ ಜಾಸ್ತಿ ಬಿಸಿ. ಕೂಡಲೇ ಆಫ್.

ಚಿಪ್ ಕೀಳುವುದರಲ್ಲಿ ನಾನು ಹಟ ಮಾಡುವುದಿಲ್ಲ. ಸ್ಪೆಕ್ಟ್ರಮ್ ಬೋರ್ಡಿನ ತಾಮ್ರದ ಗೆರೆ ಬಹಳ ಸೂಕ್ಷ್ಮ. ಇಡೀ ಚಿಪ್ಪನ್ನು ಉಳಿಸಿ ತೆಗೆಯಲು ಹೋದರೆ ಗೆರೆ ಎದ್ದು ಬರುತ್ತದೆ. ಸತ್ತ ಚಿಪ್ಪಿಗೆ ಮರ್ಯಾದೆ ಯಾಕೆ? ಸಣ್ಣ ಕಟರ್‌ನಿಂದ ಹದಿನಾರೂ ಕಾಲು ಕತ್ತರಿಸಿ, ಹೆಣ ತೆಗೆದು, ಉಳಿದ ಕಾಲುಗಳನ್ನು ಒಂದೊಂದಾಗಿ ಬಿಸಿ ಮಾಡಿ ಚಿಮಟದಿಂದ ಎಳೆದೆ. ತೂತಿನ ಸೀಸವನ್ನು ಪಂಪ್‌ನಿಂದ ಹೀರಿ, ಸಾಕೆಟ್ ಕೂರಿಸಿದೆ. ನಡುವೆ ಕರೆಂಟ್ ಹೋಯಿತು. ಮಿರ್ಚಿ, ಗಿರ್ಮಿಟ್ ತಿಂದು ಬರುವಷ್ಟರಲ್ಲಿ ಬಂತು. ಎಣ್ಣೆ ಕೈಯಲ್ಲಿ ಬೋರ್ಡ್ ಮುಟ್ಟಬಾರದೆಂದು ಎರಡು ಸಲ ಕೈ ತೊಳೆದೆ.

ಹೊಸ ಚಿಪ್ಪು ಹಾಕಿ ಆನ್. ಮತ್ತೆ ಗೆರೆ. ಐಸಿ9ರಲ್ಲಿ ಕೂರಿಸಿದ್ದು ಆ ಮೂರು ಸತ್ತವುಗಳಲ್ಲಿ ಮೊದಲನೆಯದು. ಸಾಕೆಟ್ ಹಾಕಿದ್ದಕ್ಕೆ ಬಚಾವ್. ಬದಲಿಸುತ್ತ ಹೋದೆ, ಸತ್ತವುಗಳ ಬೆನ್ನಿಗೆ ಮಾರ್ಕರ್‌ನಿಂದ ಗೀಟು ಹಾಕುತ್ತ ಹೋದೆ. ನಾಲ್ಕನೇ ಸಲ ಪರದೆ ಕಪ್ಪಾಯಿತು, ಆಮೇಲೆ ಬೆಳ್ಳಗಾಯಿತು, ಕೆಳಗೆ 1982ರ ಸಿಂಕ್ಲೇರ್ ರಿಸರ್ಚ್ ಕಾಪಿರೈಟ್ ಸಾಲು ಬಂತು.

ಫೋಟೋ ತೆಗೆದು ಕಾಕಾನಿಗೆ ಕಳಿಸಿದೆ. ಉತ್ತರ ಒಂದೇ ಸಾಲು: "ಕೀ ಒತ್ತಿ ನೋಡಿದೇನು?"

ಒತ್ತಿ ನೋಡಿದ್ದೆ. ಅರ್ಧ ಕೀ ಸತ್ತಿದ್ದವು.

ಕೀಬೋರ್ಡಿನ ಕಥೆ ಚುಟುಕಾಗಿ ಹೇಳುತ್ತೇನೆ. ಬಿರುಕು ಬಿಟ್ಟ ಪಟ್ಟಿಯ ತುದಿಯನ್ನು ಮೂರು ಮಿಲಿಮೀಟರ್ ಕತ್ತರಿಸಿ ಮತ್ತೆ ಚುಚ್ಚಿದರೆ ಕೆಲವೊಮ್ಮೆ ನಡೆಯುತ್ತದೆ. ನನಗೆ ನಡೆದದ್ದು ಎರಡು ದಿನ. ಈ ಪದರಗಳನ್ನು ಈಗಲೂ ಹೊಸದಾಗಿ ತಯಾರಿಸುವವರು ಹೊರದೇಶದಲ್ಲಿ ಇದ್ದಾರೆ. ತರಿಸಿದೆ, ಕಾದೆ, ಹಾಕಿದೆ. ಪ್ಲಸ್‌ನ ಕೀಬೋರ್ಡ್ ಬಿಚ್ಚುವಾಗ ಸಣ್ಣ ಸಣ್ಣ ಸ್ಕ್ರೂ ಬಹಳ, ತಾಟಿನಲ್ಲಿ ಇಟ್ಟುಕೊಳ್ಳಿ. ಅಷ್ಟೇ.

ಧಾರವಾಡಕ್ಕೆ ವಾಪಸ್

ಕಾಕಾ ಕ್ಯಾಸೆಟ್ ತೆಗೆದರು. ಚೀಟಿಯ ಮೇಲೆ ನೀಲಿ ಇಂಕಿನಲ್ಲಿ "1987, ಧಾರವಾಡ" ಎಂದಿತ್ತು. ಏನು ಎಂದು ಕೇಳಿದರೆ ಆಗಲೂ ಹೇಳಲಿಲ್ಲ.

ಅವರ ಟೇಪ್ ರೆಕಾರ್ಡರ್ ತಿರುಗಲಿಲ್ಲ. ಒಳಗಿನ ಬೆಲ್ಟ್ ಕರಗಿ ಡಾಂಬರಿನಂತೆ ಅಂಟಿಕೊಂಡಿತ್ತು. ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಒಬ್ಬ ಹಳೆ ರೇಡಿಯೋ ರಿಪೇರಿ ಅಜ್ಜ ಇದ್ದಾರೆ. ಅವರ ಬಳಿ ಒಂದು ಬಿಸ್ಕತ್ ಡಬ್ಬಿ ತುಂಬ ಬೆಲ್ಟು. ನಾನು ಅಳತೆ ಹೇಳುವ ಮೊದಲೇ ಹಳೆಯದನ್ನು ನೋಡಿ ಒಂದನ್ನು ತೆಗೆದು ಕೊಟ್ಟಿದ್ದರು. "ಹೆಡ್ ಸ್ವಚ್ಛ ಮಾಡ್ರಿ ಮೊದಲ. ಎಲ್ಲಾರೂ ಬೆಲ್ಟ್ ಹಾಕ್ತಾರ, ಹೆಡ್ ಯಾರೂ ನೋಡಂಗಿಲ್ಲ." ಸರಿಯಾದ ಮಾತು.

ಹಳೆ ಕ್ಯಾಸೆಟ್ ಹಚ್ಚುವಾಗ ಒಂದು ಎಚ್ಚರ. ಟೇಪು ಒಂದು ಸಲ ಸರಿಯಾಗಿ ಓಡುವುದೇ ಗ್ಯಾರಂಟಿ ಇಲ್ಲ. ಹಾಗಾಗಿ ಮೊದಲ ಓಟದಲ್ಲೇ ಸದ್ದನ್ನು ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿಕೊಂಡೆ. ಪ್ರಯೋಗವೆಲ್ಲ ಆಮೇಲೆ ಆ ರೆಕಾರ್ಡಿಂಗ್ ಮೇಲೆ. ಲೋಡ್ ಮಾಡಿದರೆ ಮೊದಲ ಸಲ 'ಆರ್ ಟೇಪ್ ಲೋಡಿಂಗ್ ಎರರ್'. ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತ, ಕಿರುಗುಟ್ಟುವ ಸದ್ದು ಎಲ್ಲಿ ಅತಿ ಚೂಪಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ ಮತ್ತೆ ರೆಕಾರ್ಡ್ ಮಾಡಿದೆ.

"ಸರೀ," ಎಂದು ನನ್ನನ್ನು ಪಕ್ಕಕ್ಕೆ ಸರಿಸಿ ಕಾಕಾ ಕೂತರು. ಸ್ಪೆಕ್ಟ್ರಮ್‌ನಲ್ಲಿ ಪದಗಳನ್ನು ಅಕ್ಷರ ಅಕ್ಷರವಾಗಿ ಹೊಡೆಯುವುದಿಲ್ಲ. ಜೆ ಒತ್ತಿದರೆ 'ಲೋಡ್' ಎಂದು ಇಡೀ ಪದವೇ ಬರುತ್ತದೆ. ನನಗೆ ಕೀ ಹುಡುಕಬೇಕು. ಅವರ ಬೆರಳಿಗೆ ನೆನಪಿತ್ತು. ಪರದೆಯ ಅಂಚಿನಲ್ಲಿ ಕೆಂಪು, ತಿಳಿನೀಲಿ ಪಟ್ಟೆ ಓಡಿದವು. ಆಮೇಲೆ ನೀಲಿ, ಹಳದಿ. ಎರರ್ ಇಲ್ಲ. ಎರಡನೇ ತುಣುಕೂ ಬಂತು. ಪ್ರೋಗ್ರಾಮ್ ತಾನೇ ಶುರುವಾಗಿ ಪರದೆಯ ನಡುವೆ ದೊಡ್ಡ ಚೌಕಟ್ಟು ಬರೆದು, ಅದರೊಳಗೆ ಎ, ಬಿ, ಸಿ, ಡಿ, ಇ, ಎಫ್ ಎಂದು ಆರು ಇಂಗ್ಲಿಷ್ ಅಕ್ಷರ ಬರೆದು ನಿಂತಿತು.

ಕಾಕಾನ ಮುಖ ಇಳಿಯಿತು. "ಇದಲ್ಲೋ," ಎಂದರು.

ಆಗ ಬಾಯಿ ಬಿಟ್ಟರು. ಸ್ಪೆಕ್ಟ್ರಮ್‌ನಲ್ಲಿ ನಾವೇ ಚಿತ್ರ ಬರೆದುಕೊಳ್ಳಬಹುದಾದ 21 ಅಕ್ಷರದ ಜಾಗ ಇದೆ. ಒಂದೊಂದಕ್ಕೆ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ನಾವು ಬರೆಯುವ ತನಕ ಅಲ್ಲಿ ಇಂಗ್ಲಿಷಿನ ಎ ಇಂದ ಯು ವರೆಗಿನ ಅಕ್ಷರಗಳ ನಕಲೇ ಇರುತ್ತದೆ. ಕಾಕಾ ಚೌಕದ ಹಾಳೆಯಲ್ಲಿ ಕೂತು ಕನ್ನಡ ಅಕ್ಷರ ಬಿಡಿಸಿ ಅಲ್ಲಿ ತುಂಬಿದ್ದರಂತೆ.

ಆಗ ನನಗೆ ಹೊಳೆಯಿತು. 48ಕೆ ಯಂತ್ರದಲ್ಲಿ ಆ 21 ಅಕ್ಷರ ಕೂರುವುದು ಮೆಮೊರಿಯ ತುತ್ತತುದಿಯಲ್ಲಿ, 65368ರಿಂದ 168 ಬೈಟ್. ಅಂದರೆ ಮೇಲಿನ ರ‍್ಯಾಮಿನಲ್ಲಿ. ನಾನು ಕಾಪಿರೈಟ್ ಸಾಲು ನೋಡಿ ಖುಷಿಪಟ್ಟು ಮೇಲಿನ 32ಕೆ ಪರೀಕ್ಷೆಯನ್ನೇ ಮಾಡಿರಲಿಲ್ಲ!

ಪರೀಕ್ಷೆ ಒಂದೇ ಸಾಲು. ಪೀಕ್ ಅಂದರೆ ಆ ನಂಬರಿನ ಮನೆಯಲ್ಲಿ ಏನಿದೆ ಎಂದು ಓದುವುದು. ಪ್ರಿಂಟ್ ಪೀಕ್ 23732 + 256 * ಪೀಕ್ 23733. ಆರೋಗ್ಯವಂತ 48ಕೆ ಯಂತ್ರ 65535 ಎನ್ನಬೇಕು. ನಮ್ಮದು 32767 ಅಂದಿತು. ಸ್ಪೆಕ್ಟ್ರಮ್ ಆನ್ ಆದಾಗ ಮೆಮೊರಿ ಪರೀಕ್ಷಿಸಿಕೊಂಡು, ಎಲ್ಲಿ ಕೆಟ್ಟಿದೆಯೋ ಅದರ ಹಿಂದಿನ ಮನೆಗೇ ಮೆಮೊರಿ ಮುಗಿಯಿತು ಎಂದು ಗೆರೆ ಎಳೆದು ಸುಮ್ಮನಾಗುತ್ತದೆ. ದೂರು ಕೊಡುವುದಿಲ್ಲ. ತಾನು 16ಕೆ ಯಂತ್ರ ಎಂದುಕೊಂಡು ಬದುಕುತ್ತದೆ. ಟೇಪಿನಿಂದ ಬಂದ ಕಾಕಾನ ಅಕ್ಷರಗಳು ಕೆಟ್ಟ ಮೆಮೊರಿಗೆ ಹೋಗಿ ಬಿದ್ದಿದ್ದವು. ಲೋಡ್ ಆಗುವಾಗ ಯಂತ್ರ ಟೇಪಿನ ಸದ್ದು ಸರಿಯಿದೆಯೇ ಎಂದು ನೋಡುತ್ತದೆಯೇ ಹೊರತು ಬರೆದದ್ದು ಉಳಿಯಿತೇ ಎಂದು ನೋಡುವುದಿಲ್ಲ. ಅದಕ್ಕೇ ಎರರ್ ಬರಲಿಲ್ಲ.

ಯಾವ ಚಿಪ್ಪು ಎಂದು ಹುಡುಕುವುದು ಇನ್ನೂ ಮಜಾ. ಮೇಲಿನ ರ‍್ಯಾಮಿನಲ್ಲಿ ಯಾವುದಾದರೂ ಒಂದು ಮನೆಗೆ ಸೊನ್ನೆ ಹಾಕಿ, ಮತ್ತೆ ಓದುವುದು. ಪೋಕ್ 40000, 0. ಆಮೇಲೆ ಪ್ರಿಂಟ್ ಪೀಕ್ 40000. ಸೊನ್ನೆ ಬರಬೇಕಿತ್ತು, 16 ಬಂತು. ಬೇರೆ ನಾಲ್ಕು ಕಡೆ ಹಾಕಿದರೂ 16. ಹದಿನಾರು ಅಂದರೆ 4ನೇ ಬಿಟ್ ಒಂದರಲ್ಲೇ ಸಿಕ್ಕಿಬಿದ್ದಿದೆ. ಮೇಲಿನ ಎಂಟು ಚಿಪ್ಪು ಐಸಿ15ರಿಂದ ಐಸಿ22. ಸೊನ್ನೆಯಿಂದ ಎಣಿಸಿದರೆ 4ನೇದು ಐಸಿ19. ಒಂದಕ್ಕಿಂತ ಜಾಸ್ತಿ ಬಿಟ್ ಕೆಟ್ಟು ಮನಸ್ಸಿಗೆ ಬಂದ ಸಂಖ್ಯೆ ಬಂದಿದ್ದರೆ ಚಿಪ್ಪು ಬಿಟ್ಟು ಪಕ್ಕದ ಲಾಜಿಕ್ ಐಸಿಗಳ ಮೇಲೆ ಅನುಮಾನ ಪಡಬೇಕಿತ್ತು.

ಮೇಲಿನ ಚಿಪ್‌ಗಳದ್ದು ಒಂದು ತಮಾಷೆಯ ಹಿನ್ನೆಲೆ. ಅವು ಅರ್ಧ ಕೆಟ್ಟ ಚಿಪ್ಪು. 64 ಕಿಲೋಬಿಟ್ ಚಿಪ್ಪು ತಯಾರಾಗುವಾಗ ಅರ್ಧ ಭಾಗ ಮಾತ್ರ ಸರಿ ಬಂದವನ್ನು 32 ಕಿಲೋಬಿಟ್ ಎಂದು ಅಗ್ಗಕ್ಕೆ ಮಾರುತ್ತಿದ್ದರು. ಸಿಂಕ್ಲೇರ್ ಅವನ್ನೇ ಕೊಂಡು ಕಂಪ್ಯೂಟರ್ ಅಗ್ಗ ಮಾಡಿದ್ದು. ರಿಪೇರಿಗೆ ಇದು ವರ. ಪೂರ್ತಿ ಸರಿಯಿರುವ ಸಾಮಾನ್ಯ 4164 ಚಿಪ್ಪನ್ನೇ ಅದರ ಜಾಗದಲ್ಲಿ ಕೂರಿಸಬಹುದು. ಅದಕ್ಕೆ 5 ವೋಲ್ಟ್ ಒಂದೇ ಸಾಕು, 4116ರ ನಖರೆ ಇಲ್ಲ. ಹಾಗೆಂದು ಕೆಳಗಿನ 4116ರ ಜಾಗದಲ್ಲಿ 4164 ಸುಮ್ನೆ ಚುಚ್ಚಬೇಡಿ. ಅದರ 8ನೇ ಕಾಲಿಗೆ 5 ಬೇಕು, ಅಲ್ಲಿ ಬರುವುದು 12.

ನನ್ನ ಹಳೆ ಬೋರ್ಡುಗಳ ರಾಶಿಯಲ್ಲಿ 4164 ಇತ್ತು. ಹುಬ್ಬಳ್ಳಿಗೆ ಮತ್ತೊಂದು ಚಿಗರಿ ಪ್ರಯಾಣ. ಐಸಿ19 ಕತ್ತರಿಸಿ, ಸಾಕೆಟ್ ಹಾಕಿ, 4164 ಕೂರಿಸಿದೆ. 65535.

ಮರುದಿನ ಸಂಜೆ ಮಾಳಮಡ್ಡಿಯಲ್ಲಿ ಮತ್ತೆ ಅದೇ ಪಟ್ಟೆ, ಅದೇ ಕಿರುಗುಟ್ಟುವಿಕೆ, ಅದೇ ಚೌಕಟ್ಟು. ಈ ಸಲ ಅದರೊಳಗೆ 'ಧಾರವಾಡ' ಎಂದು ಬಂತು. ಧಾ ಮತ್ತು ವಾಗೆ ಎರಡೆರಡು ಮನೆ, ರ ಮತ್ತು ಡಗೆ ಒಂದೊಂದು. ಆರು ಮನೆ. ಅಕ್ಷರ ಸ್ವಲ್ಪ ಚಪ್ಪಟೆ, ಆದರೆ ಎಂಟು ಚುಕ್ಕಿಯಲ್ಲಿ ಧಾದ ಹೊಟ್ಟೆಯ ಗೀಟನ್ನೂ ಬಿಟ್ಟಿರಲಿಲ್ಲ. ಕಾಕಿ ಒಳಗಿನಿಂದ ಪೇಢೆಯ ಡಬ್ಬಿ ತಂದು ಇಟ್ಟರು.

ನನಗೆ ಸುಮ್ಮನಿರಲು ಆಗಲಿಲ್ಲ. "ಕಾಕಾ, 1962ರಿಂದ ಎರಡೂ ಊರಿಗೆ ಒಂದೇ ಪಾಲಿಕೆ ಐತಿ. ಹುಬ್ಬಳ್ಳಿ ಯಾಕ ಬರೀಲಿಲ್ರಿ ನೀವು?"

"ಧಾರವಾಡಕ್ಕ ಒತ್ತಕ್ಷರ ಇಲ್ಲ ನೋಡು. ನಿಮ್ಮ ಹುಬ್ಬಳ್ಳಿಗೆ ಎರಡೆರಡು ಒತ್ತು. ಇರೂದ ಎಂಟ ಚುಕ್ಕಿ. ಬ ಬರೀಲೋ, ಅದರ ಬುಡಕ ಇನ್ನೊಂದು ಬ ಬರೀಲೋ? ಎರಡು ದಿನ ಕುಂತೆ. ಬಗೀಹರೀಲಿಲ್ಲ."

ನಾನು ಚೌಕದ ಹಾಳೆ ಕೇಳಿದೆ. ಹುಬ್ಬಳ್ಳಿಯನ್ನು ಎರಡು ಸಾಲು ಮಾಡಿದರೆ? ಮೇಲಿನ ಸಾಲಿನಲ್ಲಿ ಹು, ಬ, ಳಿ. ಕೆಳಗಿನ ಸಾಲಿನಲ್ಲಿ ಬ ಮತ್ತು ಳದ ಒತ್ತು ಮಾತ್ರ. ಹುಗೆ ಎರಡು ಮನೆ, ಬಗೆ ಒಂದು, ಳಿಗೆ ಎರಡು, ಒತ್ತಿಗೆ ಒಂದೊಂದು. ಏಳು ಮನೆ. ಧಾರವಾಡದ ಆರು ಸೇರಿ 13. ಇನ್ನೂ ಎಂಟು ಉಳಿದವು. ಕಾಕಾ ಹಾಳೆ ಕಸಿದುಕೊಂಡು ಳದ ಒತ್ತನ್ನು ತಾವೇ ತಿದ್ದಿದರು, ನನ್ನದು ಬಸವನಹುಳುವಿನ ಹಾಗೆ ಕಾಣುತ್ತಿತ್ತಂತೆ. ಒಂದೊಂದು ಸಾಲಿನ ಚುಕ್ಕಿಯನ್ನೂ ಅವರು ಓದಿ ಹೇಳಿದರು, ನಾನು ಹೊಡೆದೆ. ರಾತ್ರಿ ಊಟಕ್ಕೆ ಕಾಕಿ ಮೂರು ಸಲ ಕರೆದರು.

ಚೌಕಟ್ಟನ್ನು ಒಂದು ಸಾಲು ದೊಡ್ಡದು ಮಾಡಬೇಕಾಯಿತು. ಕಾಕಾ ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು.

"ಹುಬ್ಬಳ್ಳಿಗೆ ಎರಡು ಸಾಲು ಬೇಕಾತು ನೋಡು. ಯಾವಾಗಲೂ ಜಾಗಾ ಜಾಸ್ತೀನ ನಿಮಗ," ಎಂದು ಕ್ಯಾಸೆಟ್ ತಿರುವಿ ಹಾಕಿ, ಎಸ್ ಕೀ ಒತ್ತಿ ಸೇವ್ ಎಂದರು. ಟೇಪ್ ಶುರು ಮಾಡಿ, ಯಾವುದಾದರೂ ಕೀ ಒತ್ತಿ ಎಂದು ಪರದೆ ಕೇಳಿತು. ಅವರು ರೆಕಾರ್ಡ್ ಬಟನ್ ಒತ್ತಿದರು.